ಬಡವರ ಚಿಕಿತ್ಸೆಗೆ ಸರಕಾರದ ಏರ್ಪಾಡು: ಅದರ ಅಧಿಕಾರಿ ಯಾರು?

 

ಮಹೋತ್ಸವದ ಈ ದಿನಗಳಲ್ಲಿ ಶಾಸ್ತ್ರ, ಸಾಹಿತ್ಯ, ಶಿಕ್ಷಣ ಮೊದಲಾದ ವಿಷಯಗಳನ್ನು ಕುರಿತು ವಿದ್ವಾಂಸರು ಮಾತನಾಡಿರುತ್ತಾರೆ. ಈ ಹೊತ್ತಿನ ವಿಷಯವು ಅವುಗಳಷ್ಟು ಉನ್ನತವಾದುದೆಂದು ಮೇಲುನೋಟಕ್ಕೆ ತೋರಲಾರದು. ಬಡ ಕುಟುಂಬಗಳ ಚಿಕಿತ್ಸೆಗಾಗಿ ಸರಕಾರವು ಮಾಡಿರುವ ಏರ್ಪಾಡು ಎಂತಹುದು, ಅದನ್ನು ಜನರಿಗೆ ತಿಳಿಯಹೇಳುವ ಬಗೆ ಯಾವುದು ಎಂಬುದೇ ಆ ವಿಷಯ. ಆದರೆ ಮನೆಯಲ್ಲಿ ಒಬ್ಬರು ಹಾಸಿಗೆ ಹಿಡಿದಾಗ ಶಾಸ್ತ್ರವೂ ಸಾಹಿತ್ಯವೂ ಹೊಸ್ತಿಲಿನಾಚೆ ನಿಲ್ಲುತ್ತವೆ. ಆಗ ಮನೆಯವರ ಮುಂದಿರುವ ಪ್ರಶ್ನೆಗಳು ಎರಡೇ. ಎಲ್ಲಿಗೆ ಕರೆದೊಯ್ಯಬೇಕು? ಹಣಕ್ಕೇನು ಮಾಡಬೇಕು? ಈ ಎರಡು ಪ್ರಶ್ನೆಗಳಿಗೆ ಸಕಾಲದಲ್ಲಿ ಸರಿಯಾದ ಉತ್ತರ ದೊರೆತರೆ ಒಂದು ಸಂಸಾರ ಉಳಿಯುತ್ತದೆ. ದೊರೆಯದಿದ್ದರೆ ರೋಗಿಯೊಡನೆ ಮನೆಯೂ ಮುಳುಗುವುದುಂಟು.

ಹಳ್ಳಿಯ ಸಾಮಾನ್ಯ ಒಕ್ಕಲು ಮನೆಯೊಂದನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ಯಜಮಾನನಿಗೆ ಎದೆನೋವು ಬರುತ್ತದೆ. ಮೊದಲು ಎತ್ತುಗಳು ಸಂತೆಗೆ ಹೋಗುತ್ತವೆ. ಆಮೇಲೆ ಹೆಂಡತಿಯ ಕೊರಳಿನ ಬಂಗಾರ ಅಡವಿಗೆ ಹೋಗುತ್ತದೆ. ಕಡೆಗೆ ಹೊಲದ ಕಾಗದವು ಸಾಹುಕಾರನ ಪೆಟ್ಟಿಗೆಯನ್ನು ಸೇರುತ್ತದೆ. ರೋಗಿ ಬದುಕಿ ಬಂದರೂ ದುಡಿಯಲು ಎತ್ತಿಲ್ಲ, ಉಳಲು ಹೊಲವಿಲ್ಲ, ಬಡ್ಡಿಗೆ ಕೊನೆಯಿಲ್ಲ. ಓದುತ್ತಿದ್ದ ಮಗನು ಶಾಲೆ ಬಿಟ್ಟು ಕೂಲಿಗೆ ನಿಲ್ಲುತ್ತಾನೆ. ಇಷ್ಟೆಲ್ಲ ಆದ ಬಳಿಕ ಆ ಮನೆಯ ಪಡಿತರ ಚೀಟಿಯ ಆಧಾರದಿಂದ ಆ ಚಿಕಿತ್ಸೆ ಹಣವಿಲ್ಲದೆ ನಡೆಯಬಹುದಾಗಿತ್ತೆಂದು ಯಾರೋ ಹೇಳುತ್ತಾರೆ. ಹಕ್ಕು ಮನೆಯ ಗೂಡಿನಲ್ಲಿಯೇ ಇತ್ತು; ಅದರ ಅರ್ಥ ಮಾತ್ರ ಮನೆಯವರಿಗೆ ತಿಳಿದಿರಲಿಲ್ಲ. ದಾರಿದ್ರ್ಯದಿಂದ ಬರುವ ದುಃಖ ದೊಡ್ಡದು. ಇದ್ದ ಹಕ್ಕನ್ನು ಅರಿಯದೆ ಕಳೆದುಕೊಂಡ ದುಃಖ ಅದಕ್ಕಿಂತಲೂ ದೊಡ್ಡದು.

ಚಿಕಿತ್ಸೆಗೆ ವೈದ್ಯ, ಔಷಧ, ಉಪಚಾರಕ, ರೋಗಿ ಎಂಬ ನಾಲ್ಕು ಪಾದಗಳುಂಟೆಂದು ಚರಕಾಚಾರ್ಯರು ವಿಧಿಸಿದ್ದಾರೆ. ರೋಗಿಯೂ ಚಿಕಿತ್ಸೆಯ ಒಂದು ಪಾದವೆಂದು ಹೇಳಿರುವುದು ಗಮನಿಸತಕ್ಕ ಮಾತು. ರೋಗಿಯು ಸುಮ್ಮನೆ ಮಲಗಿ ಪಡೆಯುವವನಲ್ಲ. ತನ್ನ ಬಾಧೆಯನ್ನು ಸರಿಯಾಗಿ ತಿಳಿಸಬಲ್ಲವನೂ ಧೈರ್ಯವುಳ್ಳವನೂ ಆಗಿರಬೇಕೆಂದು ಆ ಶಾಸ್ತ್ರವು ಬಯಸುತ್ತದೆ. ಈ ಕಾಲದಲ್ಲಿ ಈ ನಾಲ್ಕು ಪಾದಗಳೂ ಕೂಡುವ ಎಡೆಯನ್ನು ಸೇರಬೇಕಾದರೆ ಕಾಗದಪತ್ರಗಳ ದಾರಿಯೊಂದನ್ನು ದಾಟಬೇಕಾಗಿದೆ. ಆ ದಾರಿಯಲ್ಲಿ ಬಡವನ ಕೈಹಿಡಿದು ನಡೆಸುವವರು ಯಾರು ಎಂಬುದನ್ನು ವಿಚಾರಮಾಡುವುದು ಆವಶ್ಯಕ.

ಏರ್ಪಾಡು ಬೆಳೆದುಬಂದ ಬಗೆಯನ್ನು ಮೊದಲು ಸಂಗ್ರಹವಾಗಿ ನೋಡಬಹುದು. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಅವರ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಒಪ್ಪಿಸಿತು. ಹಣ ಕೊಡಲಾರದವನೆಂಬ ಕಾರಣದಿಂದ ಯಾವನೊಬ್ಬನಿಗೂ ಚಿಕಿತ್ಸೆ ತಪ್ಪಬಾರದೆಂಬ ತತ್ತ್ವವನ್ನು ಆ ವರದಿಯು ಮುಂದಿಟ್ಟಿತು. ಕಾರ್ಖಾನೆಯ ಕೆಲಸಗಾರರಿಗಾಗಿ 1948ರಲ್ಲಿ ರಾಜ್ಯವಿಮೆಯ ಕಾನೂನಾಯಿತು. 1952ರಲ್ಲಿ ಅದು ಆಚರಣೆಗೆ ಬಂದಿತು. ಆದರೆ ಹೊಲದಲ್ಲಿ ದುಡಿಯುವವನಿಗೂ ಬೀದಿಯಲ್ಲಿ ಮಾರುವವಳಿಗೂ ಸಂಬಳದ ಪುಸ್ತಕವಿಲ್ಲವಾದುದರಿಂದ ಆ ನೆರಳು ಅವರವರೆಗೆ ಚಾಚಲಿಲ್ಲ.

ಕರ್ನಾಟಕದಲ್ಲಿ ಈ ಕೊರತೆಯನ್ನು ನೀಗಲು ನಡೆದ ದೊಡ್ಡ ಪ್ರಯತ್ನ 2003ರ ಯಶಸ್ವಿನಿ ಯೋಜನೆ. ಹೃದ್ರೋಗತಜ್ಞ ಡಾ. ದೇವಿಶೆಟ್ಟಿಯವರ ಪ್ರೇರಣೆಯೂ ಸಹಕಾರ ಇಲಾಖೆಯ ಆಶ್ರಯವೂ ಕೂಡಿ, ಸಹಕಾರ ಸಂಘಗಳ ರೈತ ಸದಸ್ಯರು ತಲೆಗೆ ವರ್ಷಕ್ಕೆ 60 ರೂಪಾಯಿ ಕಟ್ಟಿ ಶಸ್ತ್ರಚಿಕಿತ್ಸೆಯ ಆಶ್ವಾಸನೆಯನ್ನು ಪಡೆದರು. ತಿಂಗಳಿಗೆ ಐದು ರೂಪಾಯಿ! ಅನೇಕರ ಸಣ್ಣ ಕಾಣಿಕೆ ಕೂಡಿದರೆ ಒಬ್ಬನ ದೊಡ್ಡ ಕಷ್ಟಕ್ಕೆ ಆಗುತ್ತದೆಂಬುದನ್ನು ಅದು ಪ್ರತ್ಯಕ್ಷವಾಗಿ ತೋರಿಸಿತು. 2008ರಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯು ಐದು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 30,000 ರೂಪಾಯಿಗಳ ರಕ್ಷಣೆಯೊಡನೆ ಹೊರಟಿತು. 2010ರಲ್ಲಿ ಆಗಿನ ಗುಲ್ಬರ್ಗಾ ವಿಭಾಗದಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬುದು ಆರಂಭವಾಯಿತು; ಹೃದ್ರೋಗ, ಅರ್ಬುದ ಮೊದಲಾದ ಭಾರಿ ವ್ಯಾಧಿಗಳಿಗೆ ಬಡ ಕುಟುಂಬವೊಂದಕ್ಕೆ ಒಂದೂವರೆ ಲಕ್ಷ ರೂಪಾಯಿಗಳವರೆಗೂ, ಸಾಲದಿದ್ದರೆ ಇನ್ನೂ ಐವತ್ತು ಸಾವಿರದವರೆಗೂ ಅದು ಒದಗಿಸುತ್ತಿತ್ತು.

ಹೀಗೆ ಯೋಜನೆಗಳ ಸಂಖ್ಯೆ ಹೆಚ್ಚಿತು. ಸಂಖ್ಯೆಯೊಡನೆ ಗೊಂದಲವೂ ಹೆಚ್ಚಿತು. ಯಾವ ಚೀಟಿ ಯಾವ ಬಾಗಿಲಿಗೆ ಎಂಬುದು ಓದಿದವರಿಗೂ ತಿಳಿಯದಂತಾಯಿತು. ಇವನ್ನು ಒಂದುಗೂಡಿಸಲು 2018ರ ಮಾರ್ಚಿ ತಿಂಗಳಲ್ಲಿ ರಾಜ್ಯವು ಆರೋಗ್ಯ ಕರ್ನಾಟಕ ಯೋಜನೆಯನ್ನು ಸಾರಿತು. ಅದೇ ವರ್ಷ ಸೆಪ್ಟೆಂಬರ್ 23ರಂದು ಕೇಂದ್ರದ ಪ್ರಧಾನಮಂತ್ರಿ ಜನ ಆರೋಗ್ಯ ಯೋಜನೆಯು ಆರಂಭವಾಯಿತು. ಅಕ್ಟೋಬರ್ ತಿಂಗಳ ಕೊನೆಯಲ್ಲಿ ಎರಡೂ ಕೂಡಿ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಎಂಬ ಒಂದೇ ಏರ್ಪಾಡಾಯಿತು. ಇದನ್ನು ನಡೆಸುವ ಭಾರವು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನದು. ಯಶಸ್ವಿನಿಯು 2018ರಲ್ಲಿ ಇದರೊಳಗೆ ಲೀನವಾಗಿ, 2023ರ ಜನವರಿ 1ರಿಂದ ಸಹಕಾರ ಸಂಘಗಳ ಸದಸ್ಯರಿಗಾಗಿ ಬೇರೆಯಾಗಿಯೇ ಪುನಃ ನಡೆಯತೊಡಗಿತು. ಆಯುಷ್ಮಾನ್ ಕಾರ್ಡು ಬೇರೆ, ಯಶಸ್ವಿನಿ ಕಾರ್ಡು ಬೇರೆ ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಶಾಸ್ತ್ರಗ್ರಂಥವೊಂದನ್ನು ಪಾಠ ಹೇಳಲು ತೊಡಗುವ ಗುರುವು ಮೊದಲ ದಿನವೇ ನಾಲ್ಕು ಸಂಗತಿಗಳನ್ನು ನಿಶ್ಚಯಿಸಿ ಹೇಳುವ ಸಂಪ್ರದಾಯವು ಪಾಠಶಾಲೆಗಳಲ್ಲಿ ಉಂಟು. ಈ ಗ್ರಂಥಕ್ಕೆ ಅಧಿಕಾರಿ ಯಾರು? ಇದರ ವಿಷಯವೇನು? ಗ್ರಂಥಕ್ಕೂ ವಿಷಯಕ್ಕೂ ಸಂಬಂಧವೇನು? ಪ್ರಯೋಜನವೇನು? ಇವಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಈ ನಾಲ್ಕನ್ನು ತಿಳಿಯದೆ ಗ್ರಂಥವನ್ನು ತೆರೆದವನು ಪುಟ ತಿರುವುತ್ತಾನೆಯೇ ಹೊರತು ಅರ್ಥವನ್ನು ಪಡೆಯಲಾರನು. ಸರಕಾರದ ಯೋಜನೆಯನ್ನು ಜನರಿಗೆ ವಿವರಿಸುವುದಕ್ಕೂ ಇದೇ ಕ್ರಮವು ಅತ್ಯಂತ ಅನುಕೂಲವಾಗಿದೆ.

ಮೊದಲನೆಯದು ಅಧಿಕಾರಿ. ಈ ಮಾತಿಗೆ ಇಂದಿನ ಬಳಕೆಯಲ್ಲಿ ಕಚೇರಿಯ ಮೇಜಿನ ಹಿಂದೆ ಕುಳಿತು ರುಜು ಹಾಕುವವನೆಂದು ಅರ್ಥ. ಶಾಸ್ತ್ರದಲ್ಲಿ ಹಾಗಲ್ಲ, ಫಲವನ್ನು ಪಡೆಯಲು ಯಾವನು ಅರ್ಹನೋ ಅವನೇ ಅಧಿಕಾರಿ. ಆ ಅರ್ಥದಲ್ಲಿ ನೋಡಿದರೆ ಈ ಯೋಜನೆಯ ಅಧಿಕಾರಿಯು ಆಸ್ಪತ್ರೆಯ ಮುಂದೆ ಕಂಬಳಿ ಹೊದ್ದು ಕುಳಿತ ರೋಗಿಯೇ ಆಗಿದ್ದಾನೆ. ಅವನು ಬೇಡಲು ಬಂದವನಲ್ಲ. ಈ ಒಂದು ಮಾತು ಮನಸ್ಸಿನಲ್ಲಿ ನೆಟ್ಟರೆ ಉಳಿದ ವಿವರಣೆಯೆಲ್ಲ ಸುಲಭವಾಗುತ್ತದೆ.

ಹಾಗಾದರೆ ಅರ್ಹತೆ ಹೇಗೆ ನಿಶ್ಚಯವಾಗುತ್ತದೆ? ಮುಖ್ಯವಾಗಿ ಪಡಿತರ ಚೀಟಿಯಿಂದ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾನೂನಿನ ಪ್ರಕಾರ ಅಂತ್ಯೋದಯ ಚೀಟಿಯನ್ನಾಗಲಿ ಆದ್ಯತಾ ಕುಟುಂಬದ ಚೀಟಿಯನ್ನಾಗಲಿ ಪಡೆದಿರುವ ಮನೆಯವರು ಪೂರ್ಣ ಅರ್ಹರು. ಕೇಂದ್ರದ ಯೋಜನೆಯು 2011ರ ಸಾಮಾಜಿಕ ಆರ್ಥಿಕ ಗಣತಿಯನ್ನು ಹಿಡಿದು ಕರ್ನಾಟಕದಲ್ಲಿ ಸುಮಾರು 62 ಲಕ್ಷ ಕುಟುಂಬಗಳನ್ನು ಮಾತ್ರ ಗುರುತಿಸಿತ್ತು. ಅದರಾಚೆಗಿನ ಬಡ ಕುಟುಂಬಗಳನ್ನೂ ರಾಜ್ಯವು ತನ್ನ ವೆಚ್ಚದಿಂದ ಒಳಗೆ ಸೇರಿಸಿಕೊಂಡಿತು. ಆದ್ಯತೇತರ ಚೀಟಿಯವರು, ಚೀಟಿಯೇ ಇಲ್ಲದವರು ಸಾಮಾನ್ಯ ರೋಗಿಗಳೆನಿಸುತ್ತಾರೆ. ಅವರೂ ಹೊರಗಿನವರಲ್ಲ, ಅವರ ಪಾಲು ಮಾತ್ರ ಬೇರೆ.

ಇಲ್ಲಿ ಮನೆಮನೆಯಲ್ಲಿಯೂ ಪರೀಕ್ಷಿಸಿಕೊಳ್ಳತಕ್ಕ ಸಂಗತಿಗಳುಂಟು. ಮದುವೆಯಾಗಿ ಬಂದ ಸೊಸೆಯ ಹೆಸರು ಇನ್ನೂ ತವರಿನ ಚೀಟಿಯಲ್ಲಿಯೇ ಉಳಿದಿರುತ್ತದೆ. ಹುಟ್ಟಿದ ಮಗುವಿನ ಹೆಸರು ಎಲ್ಲಿಯೂ ಸೇರಿರುವುದಿಲ್ಲ. ಚೀಟಿಯಲ್ಲಿ ಒಂದು ಹೆಸರು, ಆಧಾರ್ ಪತ್ರದಲ್ಲಿ ಇನ್ನೊಂದು ಹೆಸರು ಇರುತ್ತದೆ. ಬೇರೆಯಾದ ಅಣ್ಣತಮ್ಮಂದಿರು ಒಲೆ ಎರಡು ಮಾಡಿಕೊಂಡರೂ ಚೀಟಿಯನ್ನು ಒಂದೇ ಇಟ್ಟುಕೊಂಡಿರುತ್ತಾರೆ. ಅಕ್ಕಿ ತರುವಾಗ ಇದಾವುದೂ ಕಾಣುವುದಿಲ್ಲ. ಆಸ್ಪತ್ರೆಯ ಕಿಟಕಿಯ ಮುಂದೆ ನಿಂತಾಗ ಎಲ್ಲವೂ ಕಾಣುತ್ತದೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಏನು ಫಲ? ಗ್ರಾಮ ಒನ್, ಕರ್ನಾಟಕ ಒನ್ ಮುಂತಾದ ಕೇಂದ್ರಗಳಲ್ಲಿ ಆರೋಗ್ಯದ ಕಾರ್ಡನ್ನು ಮಾಡಿಸಿಕೊಳ್ಳುವ ಏರ್ಪಾಡುಂಟು. ಮನೆಯವರೆಲ್ಲರೂ ಗಟ್ಟಿಮುಟ್ಟಾಗಿರುವಾಗಲೇ, ಸುಗ್ಗಿ ಮುಗಿದ ಬಿಡುವಿನ ದಿನಗಳಲ್ಲಿ, ಹೆಸರುಗಳನ್ನು ಸರಿಪಡಿಸಿಕೊಂಡು ಆ ಕೆಲಸವನ್ನು ಪೂರೈಸಿಕೊಳ್ಳತಕ್ಕದ್ದು. ಕಾರ್ಡು ಆಗಿಲ್ಲವೆಂಬ ಕಾರಣದಿಂದ ಪ್ರಾಣಾಪಾಯದಲ್ಲಿರುವವರನ್ನು ಮನೆಯಲ್ಲಿ ಇಟ್ಟುಕೊಳ್ಳುವುದೂ ತಪ್ಪೇ. ಪಡಿತರ ಚೀಟಿಯನ್ನೂ ಆಧಾರ್ ಪತ್ರವನ್ನೂ ಹಿಡಿದು ಹೊರಟೇಬಿಡಬೇಕು.

ಎರಡನೆಯದು ವಿಷಯ. ಯಾವ ಯಾವ ರೋಗಗಳಿಗೆ ಈ ಆಶ್ರಯವುಂಟು? 2018ರಲ್ಲಿ ಎರಡು ಯೋಜನೆಗಳು ಕೂಡಿದಾಗ 1650 ಚಿಕಿತ್ಸಾವಿಧಿಗಳ ಪಟ್ಟಿಯು ಸಿದ್ಧವಾಯಿತು. ಒಂದೊಂದು ವಿಧಿಗೂ ಇಷ್ಟು ಎಂದು ಮೊತ್ತವು ಗೊತ್ತಾಗಿರುತ್ತದೆ. ಆಸ್ಪತ್ರೆಯವರು ‘ಪ್ಯಾಕೇಜು’ ಎಂದು ಕರೆಯುವುದು ಇದನ್ನೇ. ಹೃದಯದ ಶಸ್ತ್ರಚಿಕಿತ್ಸೆ, ಅರ್ಬುದದ ಔಷಧೋಪಚಾರ ಮತ್ತು ಕಿರಣಚಿಕಿತ್ಸೆ, ಮೂತ್ರಪಿಂಡ ಕೆಟ್ಟವರಿಗೆ ಮಾಡುವ ಡಯಾಲಿಸಿಸ್, ಸುಟ್ಟಗಾಯ, ನವಜಾತ ಶಿಶುವಿನ ವ್ಯಾಧಿ, ಅಪಘಾತದ ಪೆಟ್ಟು ಇವು ಅದರಲ್ಲಿ ಸೇರಿವೆ. ಕೂಡಿಕೆಗೆ ಮುಂಚೆಯೇ ಇದ್ದ ರೋಗವೆಂದು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಖಾಸಗಿ ವಿಮೆಯ ಸಂಸ್ಥೆಗಳಲ್ಲಿ ಹಳೆಯ ರೋಗಕ್ಕೆ ಕಾಯಬೇಕಾದ ಅವಧಿಗಳಿರುವುದರಿಂದ ಜನರು ಇಲ್ಲಿಯೂ ಹಾಗೆಯೇ ಎಂದು ಹಿಂಜರಿಯುತ್ತಾರೆ. ಆ ಹಿಂಜರಿಕೆಗೆ ಕಾರಣವಿಲ್ಲ.

ಆದರೆ ಯಾವುದು ಒಳಗಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳತಕ್ಕದ್ದು. ಈ ರಕ್ಷಣೆಯು ಮುಖ್ಯವಾಗಿ ಆಸ್ಪತ್ರೆಯಲ್ಲಿ ದಾಖಲಾಗಿ ಪಡೆಯುವ ಚಿಕಿತ್ಸೆಗೆ ಸಂಬಂಧಪಟ್ಟದ್ದು. ಜ್ವರ ಬಂದಾಗ ಖಾಸಗಿ ವೈದ್ಯನಿಗೆ ಕೊಟ್ಟ ಹಣ, ತಿಂಗಳು ತಿಂಗಳು ಅಂಗಡಿಯಲ್ಲಿ ಕೊಳ್ಳುವ ರಕ್ತದೊತ್ತಡದ ಮಾತ್ರೆಯ ಹಣ ಇದರಿಂದ ಬರುವುದಿಲ್ಲ. ಅವುಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರವೂ ಸರಕಾರಿ ಆಸ್ಪತ್ರೆಯೂ ಉಂಟು. ಕಾರ್ಡಿದ್ದರೆ ಎಲ್ಲವೂ ಬಿಟ್ಟಿ ಎಂದು ಹೇಳಿ ಕಳುಹಿಸಿದವನು ಉಪಕಾರಮಾಡಿದಂತಾಗುವುದಿಲ್ಲ. ಆ ಮಾತನ್ನು ನಂಬಿದವನು ಒಮ್ಮೆ ಮೋಸಹೋದನೆಂದರೆ ನಿಜವಾಗಿ ದೊರೆಯತಕ್ಕದ್ದನ್ನೂ ಮುಂದೆ ಕೇಳಲು ಹೋಗುವುದಿಲ್ಲ.

ಮೂರನೆಯದು ಸಂಬಂಧ, ಅಂದರೆ ರೋಗಿಯನ್ನು ಚಿಕಿತ್ಸೆಯೊಡನೆ ಕೂಡಿಸುವ ದಾರಿ. ಹೆಚ್ಚಿನ ಜನರು ಎಡವುವುದು ಇಲ್ಲಿಯೇ ಆದುದರಿಂದ ಇದನ್ನು ಸಾವಧಾನವಾಗಿ ತಿಳಿಯಬೇಕು. ಗೊತ್ತುಮಾಡಿದ ಪದ್ಧತಿಯಂತೆ ಮೊದಲ ಬಾಗಿಲು ಸರಕಾರಿ ಆಸ್ಪತ್ರೆಯದು. ಸಾಮಾನ್ಯ ಚಿಕಿತ್ಸೆಯು ಅಲ್ಲಿಯೇ ನಡೆಯುತ್ತದೆ. ಆ ಚಿಕಿತ್ಸೆಗೆ ತಕ್ಕ ತಜ್ಞರಾಗಲಿ ಸಾಧನವಾಗಲಿ ಅಲ್ಲಿ ಇಲ್ಲದಿದ್ದರೆ ಅಲ್ಲಿಯ ವೈದ್ಯರು ಶಿಫಾರಸು ಪತ್ರವನ್ನು ಕೊಡುತ್ತಾರೆ. ‘ರೆಫರಲ್’ ಎಂದು ಜನರು ಕೇಳುವ ಮಾತು ಇದೇ. ಆ ಪತ್ರವನ್ನು ಹಿಡಿದು ಯೋಜನೆಯಲ್ಲಿ ನೋಂದಾಯಿತವಾದ ಬೇರೆ ಆಸ್ಪತ್ರೆಗೆ, ಅದು ಸರಕಾರದ್ದಾಗಲಿ ಖಾಸಗಿಯದಾಗಲಿ, ಹೋಗಬಹುದು. ಪತ್ರವಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಯನ್ನು ಸೇರಿ, ಹಣ ಕಟ್ಟಿ, ಆಮೇಲೆ ಕಾರ್ಡನ್ನು ತೋರಿಸಿದರೆ ಕಟ್ಟಿದ ಹಣವು ತಿರುಗಿ ಬರುವುದೆಂದು ನಂಬಬಾರದು.

ತುರ್ತು ಸಂದರ್ಭಕ್ಕೆ ಈ ನಿಯಮದಲ್ಲಿ ಅಪವಾದವುಂಟು. 2018ರ ಪಟ್ಟಿಯಲ್ಲಿ 169 ತುರ್ತು ವಿಧಿಗಳನ್ನು ಪ್ರತ್ಯೇಕವಾಗಿ ಎಣಿಸಿದ್ದು, ಅವುಗಳಿಗೆ ಶಿಫಾರಸು ಪತ್ರವಿಲ್ಲದೆಯೇ ನೋಂದಾಯಿತ ಆಸ್ಪತ್ರೆಗೆ ನೇರವಾಗಿ ಹೋಗಲು ಅವಕಾಶವಿತ್ತರು. ಎದೆ ಒಡೆಯುವಂತೆ ನೋಯುತ್ತಿರುವಾಗ ಪತ್ರಕ್ಕಾಗಿ ಸಾಲಿನಲ್ಲಿ ನಿಲ್ಲೆಂದು ಯಾವ ಧರ್ಮವೂ ಹೇಳದು, ಈ ನಿಯಮವೂ ಹೇಳುವುದಿಲ್ಲ. ಇದಲ್ಲದೆ 2023ರಲ್ಲಿ ಆರಂಭವಾದ ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಿಂದ, ಹೃದಯದ ನಾಳದಲ್ಲಿ ಕಟ್ಟಿದ ರಕ್ತವನ್ನು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ಬೆಲೆಯುಳ್ಳ ಚುಚ್ಚುಮದ್ದನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಹಣವಿಲ್ಲದೆ ಹಾಕುವ ಏರ್ಪಾಡಾಗಿದೆ. ಎದೆನೋವು ಬಂದವನನ್ನು ನೂರಾರು ಮೈಲಿ ದೂರದ ಪಟ್ಟಣಕ್ಕೆ ಬಾಡಿಗೆ ಮೋಟಾರಿನಲ್ಲಿ ಒಯ್ಯುತ್ತ ಹಾದಿಯಲ್ಲಿ ಅಮೂಲ್ಯವಾದ ಹೊತ್ತನ್ನು ಕಳೆಯುವುದಕ್ಕಿಂತ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಮೊದಲು ಒಯ್ಯುವುದು ಲೇಸು. 108ಕ್ಕೆ ಕರೆಮಾಡಿದರೆ ವಾಹನ ಬರುತ್ತದೆ, ಅದಕ್ಕೂ ಬಾಡಿಗೆಯಿಲ್ಲ.

ಆಸ್ಪತ್ರೆಯನ್ನು ಹೊಕ್ಕ ಮೇಲೆ ಕೇಳತಕ್ಕ ಮೊದಲ ಮಾತು, ‘ಆರೋಗ್ಯಮಿತ್ರರು ಎಲ್ಲಿದ್ದಾರೆ?’ ಎಂಬುದು. ಯೋಜನೆಯ ರೋಗಿಗಳಿಗೆ ನೆರವಾಗಲೆಂದೇ ನೋಂದಾಯಿತ ಆಸ್ಪತ್ರೆಗಳಲ್ಲಿ ಈ ಹೆಸರಿನವರು ಇರುತ್ತಾರೆ. ಕಾರ್ಡನ್ನು ನೋಡಿ ಗುರುತು ಹಚ್ಚುವುದು, ಚಿಕಿತ್ಸೆಗೆ ಮುಂಚಿತವಾಗಿ ಟ್ರಸ್ಟಿನ ಒಪ್ಪಿಗೆ ಬರುವಂತೆ ನೋಡಿಕೊಳ್ಳುವುದು ಅವರ ಕೆಲಸ. ಒಪ್ಪಿಗೆ ಬರುವುದಕ್ಕೆ ಹೊತ್ತು ಹಿಡಿಯಬಹುದು. ಆ ಹೊತ್ತಿನಲ್ಲಿ ಮನೆಯವರು ಅಂಜಿ, ಯಾರೋ ಹೇಳಿದರೆಂದು ಸಾಲ ತಂದು ಹಣ ಕಟ್ಟಿಬಿಡುತ್ತಾರೆ. ‘ಒಪ್ಪಿಗೆ ಬಂತೇ? ಎಷ್ಟಕ್ಕೆ ಬಂತು?’ ಎಂದು ಕೇಳಿ ತಿಳಿದುಕೊಳ್ಳುವಷ್ಟು ಧೈರ್ಯವನ್ನು ಅವರಿಗೆ ಮುಂಚೆಯೇ ತುಂಬಿರಬೇಕು.

ನಾಲ್ಕನೆಯದು ಪ್ರಯೋಜನ. ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯ ವೆಚ್ಚವನ್ನು ಸರಕಾರವೇ ಆಸ್ಪತ್ರೆಗೆ ಕೊಡುತ್ತದೆ. ಈ 5 ಲಕ್ಷವು ತಲೆಗೊಂದಲ್ಲ, ಇಡೀ ಮನೆಗೆ ಒಂದು. ತಂದೆಯ ಹೃದಯಕ್ಕೆ 2 ಲಕ್ಷ ವೆಚ್ಚವಾದರೆ ಆ ವರ್ಷ ಉಳಿದವರಿಗೆ 3 ಲಕ್ಷ ಉಳಿಯಿತೆಂದು ಲೆಕ್ಕ. ಕೂಡುಮನೆಯ ಕಣಜವಿದ್ದಂತೆ, ಯಾರು ತೆಗೆದರೂ ತುಂಬಿದ್ದು ಅಷ್ಟೇ. ಸಾಮಾನ್ಯ ರೋಗಿಗಳ ವಿಷಯದಲ್ಲಿ ಗೊತ್ತಾದ ಮೊತ್ತದ ಶೇಕಡಾ 30 ಭಾಗವನ್ನು, ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ, ಸರಕಾರವು ಕೊಡುವಂತೆ 2018ರಲ್ಲಿ ನಿಯಮವಾಯಿತು. ಒಂದು ಲಕ್ಷದ ಚಿಕಿತ್ಸೆಗೆ 30,000 ಸರಕಾರದ್ದು, ಮಿಕ್ಕದ್ದು ಮನೆಯದು. ರಾಷ್ಟ್ರೀಯ ಯೋಜನೆಯ ನಿಯಮದಲ್ಲಿ ಆಸ್ಪತ್ರೆಯನ್ನು ಸೇರುವ ಮುಂಚಿನ 3 ದಿನಗಳ ಪರೀಕ್ಷೆಯ ವೆಚ್ಚವೂ, ಬಿಡುಗಡೆಯಾದ ತರುವಾಯ 15 ದಿನಗಳ ಔಷಧದ ವೆಚ್ಚವೂ ಮೊತ್ತದೊಳಗೆ ಸೇರಿವೆ. ಇದನ್ನು ಅರಿಯದೆ ಅನೇಕರು ಆಸ್ಪತ್ರೆಯ ಬಾಗಿಲು ದಾಟುತ್ತಲೇ ಅಂಗಡಿಯಲ್ಲಿ ಔಷಧವನ್ನು ಕೊಳ್ಳುತ್ತಾರೆ.

ಅನುಬಂಧಗಳಾದ ಬಳಿಕ ಶಂಕೆಗಳಿಗೆ ಸಮಾಧಾನ ಹೇಳುವುದು ಕ್ರಮ.

‘ಬಿಟ್ಟಿಯಾಗಿ ಬಂದದ್ದು ಕೀಳಾದದ್ದು, ಹಣ ಕೊಟ್ಟರೇ ವೈದ್ಯನು ಮನಸ್ಸಿಟ್ಟು ನೋಡುತ್ತಾನೆ’ ಎಂಬುದು ಮೊದಲ ಶಂಕೆ. ಇದಕ್ಕೆ ಸಮಾಧಾನವೇನೆಂದರೆ, ಇದು ಬಿಟ್ಟಿಯೇ ಅಲ್ಲ. ಕೂಲಿಯವನು ಕೊಳ್ಳುವ ಸಾಬೂನಿನ ಮೇಲೂ ತೆರಿಗೆಯುಂಟು. ಹಾಗೆ ಎಲ್ಲರಿಂದ ಕೂಡಿದ ಹಣವೇ ಆಸ್ಪತ್ರೆಗೆ ಸಲ್ಲುತ್ತದೆ. ಕೇಂದ್ರವು ವಹಿಸಿಕೊಂಡ ಕುಟುಂಬಗಳಿಗೆ ಅದರ ಪಾಲು 60, ರಾಜ್ಯದ ಪಾಲು 40. ತಾನು ಕೊಟ್ಟ ಹಣದಿಂದ ತಾನು ಚಿಕಿತ್ಸೆಯನ್ನು ಪಡೆಯುವುದರಲ್ಲಿ ನಾಚಿಕೆ ಎಲ್ಲಿಯದು?

‘ಯೋಜನೆ ಇದ್ದರೂ ಕೆಲವೆಡೆ ಹಣ ಕೇಳುತ್ತಾರಲ್ಲ?’ ಎಂಬುದು ಎರಡನೆಯ ಶಂಕೆ. ಇದು ಹುರುಳಿಲ್ಲದ ಮಾತಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಆದರೆ ಕೇಳಿದೊಡನೆ ಕೊಡುವುದೂ ಸರಿಯಲ್ಲ, ಕೇಳಿದರೆಂದು ಜಗಳವಾಡಿ ರೋಗಿಯನ್ನು ಕರೆತರುವುದೂ ಸರಿಯಲ್ಲ. ಹಣವು ಯಾವುದಕ್ಕೆ ಎಂದು ಕೇಳಬೇಕು, ರಸೀದಿ ಕೇಳಬೇಕು, ಆರೋಗ್ಯಮಿತ್ರರಿಗೆ ತಿಳಿಸಬೇಕು, 104 ಎಂಬ ಆರೋಗ್ಯ ಸಹಾಯವಾಣಿಗೂ 14555 ಎಂಬ ರಾಷ್ಟ್ರೀಯ ಯೋಜನೆಯ ಸಂಖ್ಯೆಗೂ ಕರೆಮಾಡಿ ವಿಚಾರಿಸಬಹುದು. ರಸೀದಿಯನ್ನು ಕೇಳಿದ ಮಾತ್ರದಿಂದಲೇ ಹಿಂದೆ ಸರಿಯುವ ಬೇಡಿಕೆಗಳೂ ಉಂಟು.

‘ಸರಕಾರಿ ಆಸ್ಪತ್ರೆಯಲ್ಲಿ ತಿರುಗಾಟವೇ ಹೆಚ್ಚು, ಇದಕ್ಕಿಂತ ಸಾಲವೇ ಲೇಸು’ ಎಂಬುದು ಮೂರನೆಯದು. ತಿರುಗಾಟವಿರುವುದು ನಿಜ. ಎರಡು ದಿನ ತಿರುಗಿದರೆ ಎರಡು ದಿನದ ಕೂಲಿ ಹೋಗುವುದೂ ನಿಜ. ಆದರೆ ಒಂದೂವರೆ ಲಕ್ಷದ ಸಾಲಕ್ಕೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಯಾದರೆ ತಿಂಗಳಿಗೆ 4,500 ರೂಪಾಯಿ, ವರ್ಷಕ್ಕೆ 54,000 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲು ಅಲ್ಲಿಯೇ ನಿಂತಿರುತ್ತದೆ. ಈ ಲೆಕ್ಕವನ್ನು ಮನೆಯವರ ಮುಂದೆ ಕುಳಿತು, ಅವರ ಬಾಯಿಂದಲೇ ಹೇಳಿಸಬೇಕು.

ಇನ್ನು ತಿಳಿಯಹೇಳುವವರ ಲಕ್ಷಣವೇನು? ಪಾಠ ಹೇಳುವವನಿಗೆ ವಿಷಯ ತಿಳಿದಿದ್ದರೆ ಸಾಲದು; ಕೇಳುವವನಿಗೆ ಏನು ತಿಳಿಯದೆಂಬುದೂ ತಿಳಿದಿರಬೇಕು. ‘ಪೂರ್ವಾನುಮೋದನೆ’, ‘ಫಲಾನುಭವಿ’, ‘ಅರ್ಹತಾ ಪರಿಶೀಲನೆ’ ಎಂಬ ಮಾತುಗಳು ಕಚೇರಿಯಲ್ಲಿ ಹುಟ್ಟಿ ಕಚೇರಿಯಲ್ಲಿಯೇ ಬೆಳೆದವು. ಅಕ್ಷರ ಬಲ್ಲವರಿಗೂ ಅವು ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ‘ಆಪರೇಶನ್ನಿಗೆ ಮುಂಚೆ ಬೆಂಗಳೂರಿನಿಂದ ಹೂಂ ಅನ್ನಬೇಕು’ ಎಂದರೆ ಅಜ್ಜಿಗೂ ತಿಳಿಯುತ್ತದೆ. ಹೇಳಿದ ಮೇಲೆ ‘ತಿಳಿಯಿತೇ?’ ಎಂದು ಕೇಳಬಾರದು. ದೊಡ್ಡವರ ಮುಂದೆ ತಿಳಿಯಲಿಲ್ಲ ಎನ್ನಲು ಜನರು ಸಂಕೋಚಪಡುತ್ತಾರೆ. ‘ನಾಳೆ ಮೊದಲು ಎಲ್ಲಿಗೆ ಹೋಗುವಿರಿ? ಕೈಯಲ್ಲಿ ಏನೇನು ಹಿಡಿದಿರುವಿರಿ?’ ಎಂದು ಕೇಳಿದರೆ, ಬಂದ ಉತ್ತರದಿಂದ ಪಾಠ ಎಷ್ಟು ನಿಂತಿತೆಂಬುದು ಗೊತ್ತಾಗುತ್ತದೆ. ಪಾಠಶಾಲೆಗಳಲ್ಲಿ ಕೇಳಿದ ಪಾಠವನ್ನು ಮರುದಿನ ಒಪ್ಪಿಸುವ ಪದ್ಧತಿಯ ಪ್ರಯೋಜನವೂ ಇದೇ.

ರೋಗದ ಸಂಗತಿಯನ್ನು ಹತ್ತು ಮಂದಿಯ ಮುಂದೆ ಕೇಳಬಾರದು. ಹೆಂಗಸರ ವ್ಯಾಧಿಗಳ ವಿಚಾರವನ್ನು ಆಶಾ ಕಾರ್ಯಕರ್ತೆಯೋ ಬೇರೆ ತಿಳಿದ ಹೆಂಗಸೋ ಕೇಳುವುದು ಉಚಿತ. ಗರ್ಭಕೋಶದ ನೋವನ್ನೂ ಎದೆಯ ಗಂಟನ್ನೂ ವರ್ಷಗಟ್ಟಲೆ ಮುಚ್ಚಿಟ್ಟು, ಕೈಮೀರಿದ ಮೇಲೆ ಬಾಯಿಬಿಡುವ ತಾಯಂದಿರಿದ್ದಾರೆ. ಮನೆಯ ಹಣವೆಲ್ಲ ತನ್ನ ಮೇಲೆ ಹೋಗುವುದೆಂಬ ಭಯವೇ ಆ ಮೌನಕ್ಕೆ ದೊಡ್ಡ ಕಾರಣ. ಹಣದ ಭಯವನ್ನು ನೀಗಿದರೆ ಮೌನವೂ ಅರ್ಧ ನೀಗುತ್ತದೆ. ಸಹಾಯಮಾಡುವವನು ಕಾರ್ಡು ಮಾಡಿಸಿಕೊಡುವೆನೆಂದು ಹಣ ಎತ್ತಬಾರದು, ಇನ್ನೊಬ್ಬರ ಪತ್ರಗಳನ್ನು ತನ್ನ ಬಳಿ ಇಟ್ಟುಕೊಳ್ಳಬಾರದು, ಹೆಬ್ಬೆಟ್ಟನ್ನು ಏತಕ್ಕೆ ಒತ್ತಿಸುತ್ತಿರುವುದೆಂದು ಹೇಳದೆ ಒತ್ತಿಸಬಾರದು. ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಹೋದ ವರ್ಷದ ತಿಳಿವಳಿಕೆಯನ್ನು ಈ ವರ್ಷವೂ ನಿಜವೆಂದು ಸಾಧಿಸದೆ, ಹೋಗುವ ಮುನ್ನ ವಿಚಾರಿಸಿ ಹೇಳತಕ್ಕದ್ದು.

ಇಷ್ಟೆಲ್ಲ ಶ್ರಮದಿಂದ ಫಲವುಂಟೇ ಎಂದು ಕೇಳುವವರಿಗೆ ಕರ್ನಾಟಕದ ನೆಲದಲ್ಲಿಯೇ ಉತ್ತರವುಂಟು. ಆರೋಗ್ಯಶ್ರೀಯು ಮೊದಲು ಉತ್ತರದ ಜಿಲ್ಲೆಗಳಲ್ಲಿ ಬಂದಿತು, ದಕ್ಷಿಣಕ್ಕೆ ತಡವಾಗಿ ಬಂದಿತು. ಆ ನಡುವೆ ಗಡಿಯ ಈಚೆಯೂ ಆಚೆಯೂ ಇದ್ದ 572 ಹಳ್ಳಿಗಳ 60,109 ಮನೆಗಳನ್ನು ನೀರಜ್ ಸೂದ್ ಮೊದಲಾದ ವಿದ್ವಾಂಸರು ಹೋಲಿಸಿ ನೋಡಿ, 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಎಂಬ ವೈದ್ಯಪತ್ರಿಕೆಯಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನೆಲ ಒಂದೇ, ಬಡತನ ಒಂದೇ. ಒಂದು ಕಡೆ ಯೋಜನೆಯುಂಟು, ಇನ್ನೊಂದು ಕಡೆ ಇನ್ನೂ ಇಲ್ಲ. ಯೋಜನೆಗೆ ಒಳಪಟ್ಟ ರೋಗಗಳಿಂದಾದ ಮರಣವು ಯೋಜನೆಯಿಲ್ಲದ ಕಡೆಯ ಬಡ ಕುಟುಂಬಗಳಲ್ಲಿ ಶೇಕಡಾ 0.90 ಇದ್ದರೆ, ಯೋಜನೆಯಿದ್ದ ಕಡೆ 0.32 ಇತ್ತು. ಯೋಜನೆಗೆ ಸೇರದ ಅನುಕೂಲವಂತರ ಮನೆಗಳಲ್ಲಿ ಗಡಿಯ ಎರಡು ಕಡೆಯೂ ಮರಣದ ಪ್ರಮಾಣ ಹೆಚ್ಚುಕಡಮೆ ಒಂದೇ ಆಗಿತ್ತು. ಅಂತರವು ಗಾಳಿಯದಲ್ಲ, ನೀರಿನದಲ್ಲ, ಯೋಜನೆಯದೇ ಎಂದು ಇದರಿಂದ ತಿಳಿಯುತ್ತದೆ.

ಆ ಯೋಜನೆಯು ಕಾಗದದಲ್ಲಿಯೇ ನಿಂತಿರಲಿಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ಹಳ್ಳಿಗಾಡಿನಲ್ಲಿ ಆರೋಗ್ಯ ಶಿಬಿರಗಳನ್ನು ಕೂಡಿಸಿ, ರೋಗಿಗಳನ್ನು ಅಲ್ಲಿಯೇ ಪರೀಕ್ಷಿಸಿ, ಆಸ್ಪತ್ರೆಗೆ ಕಳುಹಿಸುವ ಕೆಲಸವು ಅದರ ಅಂಗವಾಗಿತ್ತು. ಜನರಿದ್ದಲ್ಲಿಗೆ ಯೋಜನೆ ಹೋಯಿತು. ಜನರು ತಾವಾಗಿ ಕೂಡುವ ಸ್ಥಳಗಳು ಊರೂರಿನಲ್ಲಿಯೂ ಉಂಟು. ಜಾತ್ರೆ, ಸಂತೆ, ಹಾಲಿನ ಡೇರಿ, ಸ್ತ್ರೀಶಕ್ತಿ ಸಂಘ, ನ್ಯಾಯಬೆಲೆ ಅಂಗಡಿಯ ಸಾಲು ಇವೆಲ್ಲ ಪಾಠಶಾಲೆಗಳಾಗಬಹುದು. ಮಠದ ಜಾತ್ರೆಗೆ ಬಂದ ಭಕ್ತರು ಪ್ರಸಾದ ಸ್ವೀಕರಿಸಿ ಕುಳಿತ ಹೊತ್ತಿನಲ್ಲಿ, ಓದು ಬಲ್ಲ ನಾಲ್ವರು ತರುಣರು ಮರದಡಿಯಲ್ಲಿ ಕುಳಿತು ಪಡಿತರ ಚೀಟಿಯ ಹೆಸರುಗಳನ್ನೂ ಆಧಾರ್ ಪತ್ರದ ಹೆಸರುಗಳನ್ನೂ ಹೋಲಿಸಿ ನೋಡಿಕೊಟ್ಟರೆ, ಮುಂದೆ ಎಷ್ಟೋ ಮನೆಗಳ ಹೊಲ ಉಳಿದೀತು. ಅದಕ್ಕೆ ಕಟ್ಟಡ ಬೇಡ, ನಿಧಿ ಬೇಡ. ಕನ್ನಡಕವೂ ತಾಳ್ಮೆಯೂ ಇದ್ದರೆ ಸಾಕು.

ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕರಲ್ಲಿ ಮೂರನ್ನು ಕಾಲಕ್ಕೆ ತಕ್ಕಂತೆ ಸರಕಾರಗಳು ತಿದ್ದುತ್ತಿರುತ್ತವೆ. ಹೆಸರು ಬದಲಾಗಬಹುದು, ಮೊತ್ತ ಹೆಚ್ಚಬಹುದು, ಹೋಗುವ ಬಾಗಿಲು ಬೇರೆಯಾಗಬಹುದು. ಆದರೆ ಈ ಏರ್ಪಾಡಿಗೆ ಅಧಿಕಾರಿಯು ಬಡ ರೋಗಿಯೇ ಎಂಬುದು ಬದಲಾಗತಕ್ಕದ್ದಲ್ಲ. ಆ ಅಧಿಕಾರವನ್ನು ಅವನಿಗೆ ಅರಿವುಮಾಡಿಕೊಡುವುದು ಅಕ್ಷರ ಬಲ್ಲವರೆಲ್ಲರ ಮೇಲಿರುವ ಋಣ. ಈ ಸಭೆಯಿಂದ ಮನೆಗೆ ಹೋದವರು ಇಂದು ಸಂಜೆಯೇ ತಮ್ಮ ಮನೆಯ ಚೀಟಿಯನ್ನೊಮ್ಮೆ ತೆರೆದು ನೋಡಲಿ. ನಾಳೆ ನೆರೆಮನೆಯವರದನ್ನು ನೋಡಿಕೊಡಲಿ. ಎಲ್ಲರಿಗೂ ಆಯುರಾರೋಗ್ಯಗಳು ಲಭಿಸಲಿ.